ಹಿಟ್ಟಿನ ಕೋಲು

ನಂಜನಗೂಡಿನ ಹೊಸ ಬಡಾವಣೆಗೆ ನಾವು ಬಾಡಿಗೆಗೆ ಬಂದಾಗ ಊರಾಚೆ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದವು. ನಮ್ಮನೆಯವರಿಗೆ ಅಲ್ಲೊಂದರಲ್ಲಿ ಶಿಫ್ಟ್ ಕೆಲಸ. ನನಗೆ ಬಿಳಿಗೆರೆಯ ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಎರಡರಲ್ಲೂ ನಿಂತೇ ಪ್ರಯಾಣ. ಅತ್ತೆ ತೀರಿಕೊಂಡ ಮೇಲೆ ಮಾವನವರನ್ನು ಹೆಮ್ಮರಗಾಲದಿಂದ ಕರೆದುಕೊಂಡು ಬಂದೆವು. ಅವರು ಒಂದು ಕಂಬಳಿ, ಒಂದು ಚೀಲ ರಾಗಿಹಿಟ್ಟು, ಜೊತೆಗೆ ಅತ್ತೆಯ ಹಿಟ್ಟಿನ ಕೋಲನ್ನು ತಂದಿದ್ದರು. ನಮ್ಮ ಹಳ್ಳಿಗಳಲ್ಲಿ ಮುದ್ದೆಗೆ ಹಿಟ್ಟು ಎಂದೇ ಹೆಸರು.

ಬಾಡಿಗೆ ಮನೆಯ ಯಜಮಾನಿಗೆ ತಾವು ಕಟ್ಟಿಸಿದ ಅಡುಗೆಮನೆಯ ಕಟ್ಟೆಯ ಬಗ್ಗೆ ಬಹಳ ಹೆಮ್ಮೆ. "ನಿಂತ್ಕೊಂಡೇ ಅಡುಗೆ ಮಾಡ್ಬಹುದು ಕಣ್ರೀ, ಸೊಂಟ ಬಗ್ಗಿಸೋ ಹಾಗೇ ಇಲ್ಲ" ಎಂದಿದ್ದರು. ಆದರೆ ಹಿಟ್ಟು ತಿರುವುವುದು ಕೂತು ಮಾಡುವ ಕೆಲಸ. ಮಡಕೆ ಅಲ್ಲಾಡದಂತೆ ಕಾಲಿನಲ್ಲಿ ಒತ್ತಿಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು, ಮೈಭಾರವನ್ನೆಲ್ಲ ಹಾಕಿ ತಿರುವಬೇಕು. ಎದೆಮಟ್ಟದ ಸ್ಟೌವಿನ ಮೇಲೆ ಆ ಸಾಹಸ ಮಾಡಲು ಹೋಗಿ ಮೊದಲ ವಾರವೇ ಪಾತ್ರೆ ಮಗುಚಿತು. ಕಟ್ಟೆ, ಗೋಡೆ, ನನ್ನ ಸೀರೆ ಎಲ್ಲ ರಾಗಿಮಯ. ಯಜಮಾನಿ ಬಾಗಿಲಲ್ಲಿ ನಿಂತು ನೋಡಿ, ಒಂದು ಒರೆಸುಬಟ್ಟೆ ತಂದಿಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಮೂರು ಹೊತ್ತೂ ಅಕ್ಕಿ. ಪಾತ್ರೆ ಇಳಿಸಿ ನೆಲದ ಮೇಲಿಟ್ಟುಕೊಂಡು ತಿರುವಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಿರುವಬಹುದಿತ್ತು. ನನಗೆ ಸಾಕಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಮ್ಮನೆಯವರು ಕ್ಯಾಂಟೀನಿನ ಅನ್ನಕ್ಕೆ ಒಗ್ಗಿಹೋಗಿದ್ದರು, ಅವರು ಕೇಳಲೇ ಇಲ್ಲ. ಮಾವನವರು ಮಾತ್ರ ಒಮ್ಮೆ, "ಅನ್ನ ಒಟ್ಟೇಲಿ ನಿಲ್ಲಕಿಲ್ಲ ಕಣವ್ವ" ಎಂದರು. ನಾನು ಬಸ್ಸಿನ ಹೊತ್ತಾಯಿತೆಂದು ಹೊರಟುಬಿಟ್ಟೆ.

ಆಮೇಲೆ ಅವರು ಉಣ್ಣುವುದೇ ಕಡಿಮೆಯಾಯಿತು. ಮಧ್ಯಾಹ್ನಕ್ಕೆಂದು ಮುಚ್ಚಿಟ್ಟ ಅನ್ನ ಸಂಜೆ ನಾನು ಬಂದಾಗಲೂ ಹಾಗೇ ಇರುತ್ತಿತ್ತು. ಕೇಳಿದರೆ, "ಅಸಿವಿಲ್ಲ ಕಣವ್ವ". ನನಗೆ ಹೆದರಿಕೆ ಹತ್ತಿತು. ಅತ್ತೆಗೂ ಶುರುವಾದದ್ದು ಹೀಗೇ, ಅನ್ನ ಸೇರದೆ. ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಟಾನಿಕ್ ಕೊಟ್ಟರು. ಮಾವನವರು ಎರಡು ಹೊತ್ತೂ ತಪ್ಪದೆ ಅದನ್ನು ಕುಡಿದರು.

ಒಂದು ದಿನ ಶಾಲೆ ಬೇಗ ಬಿಟ್ಟಿತು. ಬಸ್ಸಿಳಿದು ನಮ್ಮ ಹಿಂದಿನ ಬೀದಿಯಲ್ಲಿ ಬರುತ್ತಿದ್ದೆ. ಅಲ್ಲಿ ಸಾಲಾಗಿ ಹೊಸ ಮನೆಗಳು ಏಳುತ್ತಿದ್ದವು. ಇಟ್ಟಿಗೆ ರಾಶಿಯ ನೆರಳಲ್ಲಿ ಗಾರೆ ಕೆಲಸದವರು ಊಟಕ್ಕೆ ಕೂತಿದ್ದರು. ಅವರ ನಡುವೆ ಮಾವನವರು! ಮುಂದೆ ಅಲ್ಯೂಮಿನಿಯಂ ತಟ್ಟೆ, ಹುರುಳಿ ಸಾರು, ಮುದ್ದೆ. ಮೂರು ಕಲ್ಲಿನ ಒಲೆಯ ಪಕ್ಕ ಒಬ್ಬ ಹೆಂಗಸು ಮಡಕೆಯನ್ನು ಕಾಲಿನಲ್ಲಿ ಒತ್ತಿಕೊಂಡು ಇನ್ನೊಂದು ಸಲಕ್ಕೆ ಹಿಟ್ಟು ತಿರುವುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ನಮ್ಮತ್ತೆಯ ಕೋಲು. ಹಿಡಿಯ ಒಂದು ಮಗ್ಗುಲು ಸವೆದು ಚಪ್ಪಟೆಯಾಗಿತ್ತು, ಗುರುತು ತಪ್ಪುವ ಹಾಗಿರಲಿಲ್ಲ. ನಾಚಿಕೆಯಿಂದ ನಾನು ಬಂದ ದಾರಿಯಲ್ಲೇ ತಿರುಗಿದೆ. ಸಂಜೆ ಅವರು "ಅಸಿವಿಲ್ಲ" ಎಂದಾಗ, ಇನ್ನು ಬೇಡವೆಂದು ಟಾನಿಕ್ ಬಾಟಲಿಯನ್ನು ಒಳಗೆ ಎತ್ತಿಟ್ಟೆ.

ನಾಲ್ಕು ತಿಂಗಳಲ್ಲಿ ಮನೆಗಳ ಕೆಲಸ ಮುಗಿಯಿತು. ಹೊರಡುವ ದಿನ ಆ ಹೆಂಗಸು ಕೋಲನ್ನು ತೊಳೆದು ನಮ್ಮ ಬಾಗಿಲಿಗೆ ತಂದುಕೊಟ್ಟಳು.

"ಅಜ್ಜ ಕೊಟ್ಟಿದ್ರು ಕಣವ್ವ. ನಮ್ ಸೊಸೆ ಬಸ್ಸಲ್ಲಿ ನಿಂತೂ ನಿಂತೂ ಸೋತೋಗಿ ಬತ್ತಾಳೆ, ಅವಳ್ನ ಕೇಳಾಕೆ ಮನಸ್ಸು ಬರಕಿಲ್ಲ ಅಂತಿದ್ರು."

ಅವತ್ತು ರಾತ್ರಿ ಪಾತ್ರೆಯನ್ನು ನೆಲಕ್ಕಿಳಿಸಿ ತಿರುವಿದೆ. ಕೈಗೆ ರೂಢಿ ತಪ್ಪಿಹೋಗಿತ್ತು, ತುಂಬ ಗಂಟು. ಮಾವನವರು ಗಂಟುಗಳನ್ನು ಬೆರಳಲ್ಲಿ ಒಡೆದುಕೊಂಡು ಎರಡು ಮುದ್ದೆ ಉಂಡರು.

"ನಾಳೀಕೂ ಮಾಡೀಯೇನವ್ವ?"

"ಮಾಡ್ತೀನಿ ಮಾವ" ಎಂದೆ. ಮಾಡಲಿಲ್ಲ. ಬೆಳಗಾದರೆ ಮತ್ತೆ ಅದೇ ಬಸ್ಸು, ಅದೇ ಆತುರ, ಅದೇ ಅನ್ನ. ಹೇಗೋ ಭಾನುವಾರಕ್ಕೊಂದು ಹೊತ್ತು ಹಿಟ್ಟು ಎಂದು ರೂಢಿಯಾಯಿತು. ಮಿಕ್ಕ ದಿನ ಅವರು ತಟ್ಟೆಗೆ ಬಿದ್ದಷ್ಟು ಅನ್ನ ಉಂಡು ಏಳುತ್ತಿದ್ದರು. ಮಳೆ ಬೆಳೆ ಬಿಟ್ಟು ವಾರ ದಿನಗಳ ಲೆಕ್ಕವನ್ನೇ ಇಡದಿದ್ದ ಮನುಷ್ಯ, ಸಾಯುವವರೆಗೂ ದಿನಾ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಕೇಳುತ್ತಿದ್ದರು:

"ಇವತ್ತು ಯಾವ ವಾರ ಕಣವ್ವ?"