ರವೆಯಾ, ಉಂಡೆಯಾ?

ಜಿಂಕೆಗೆ ಎಲ್ಲಿ ಹೊಡೆಯಬೇಕು ಎಂಬುದನ್ನು ನಮ್ಮ ಮಾವ ನನಗೆ ಕಲಿಸಿದ್ದು ಕರುವಿನ ಮೇಲೆ. ನಾನು ಮದುವೆಯಾಗಿ ಸೇಲಂನಿಂದ ಆ ಊರಿಗೆ ಹೋದ ಹೊಸತು. ಸಾಯಂಕಾಲ ಹಸು ಕರೆಯುವ ಹೊತ್ತಿಗೆ ಅವರು ಕೊಟ್ಟಿಗೆಗೆ ಬಂದು, ಕಟ್ಟಿದ್ದ ಕರುವನ್ನು ಅಡ್ಡಡ್ಡ ನಿಲ್ಲಿಸಿ, ಅದರ ಮುಂಗಾಲಿನ ಹಿಂಬದಿಗೆ ಅಂಗೈ ಊರುತ್ತಿದ್ದರು.

"ಇಲ್ನೋಡಮ್ಮಾ, ಇದ್ರೊಳ್ಗೆ ಗುಂಡ್ಗೆ ಐತೆ. ಪಕ್ಕದಾಗೇ ಉಸ್ರಿನ ಚೀಲ. ಇಲ್ಲಿ ಬಿದ್ರೆ ಅದ್ಕೆ ಗೊತ್ತಾಗೋದ್ರೊಳ್ಗೆ ಜೀವ ಓಗ್ಬುಡ್ತದೆ. ಒಂದು ಗೇಣು ಇಂದಕ್ಕೆ ಸರೀತು ಅನ್ಕೋ, ಒಟ್ಟೆ. ಒಟ್ಟೆಗೆ ಒಡೆಯೋನು ಮನುಸನೇ ಅಲ್ಲ."

ಕರು ಅವರ ಮೊಣಕೈ ನೆಕ್ಕುತ್ತಿತ್ತು. ನಾನು ನಗು ತಡೆದುಕೊಂಡು, "ನಂಗ್ಯಾಕೆ ಮಾವಾ ಇದೆಲ್ಲ? ನಾನು ಬೇಟೆಗೆ ಹೋಗ್ಬೇಕಾ?" ಎನ್ನುತ್ತಿದ್ದೆ. ಅವರಿಗೆ ಕೇಳಿಸುತ್ತಿರಲಿಲ್ಲ. ಎಡಗಿವಿ ಪೂರ್ತಿ ಮಂದ, ಸದಾ ಅದರಲ್ಲಿ ಹತ್ತಿ. ಬಲಗಿವಿ ಪರವಾಗಿಲ್ಲ, ಆದರೆ ಅದರ ಕಡೆ ನಿಂತು ಗಟ್ಟಿಯಾಗಿ ಹೇಳಬೇಕು. ಕೇಳಿಸದೆ ಇದ್ದರೂ ಪಾಠ ನಿಲ್ಲುತ್ತಿರಲಿಲ್ಲ. ಎದುರಿಗೆ ಮುಖ ಮಾಡಿ ನಿಂತ ಜಿಂಕೆಗೆ ಹೊಡೆಯಬಾರದು, ಅಡ್ಡ ತಿರುಗುವವರೆಗೂ ಕಾಯಬೇಕು. ತಿರುಗಿದ ಮೇಲೂ ಅದು ಈಚೆ ಬದಿಯ ಮುಂಗಾಲನ್ನು ಒಂದು ಹೆಜ್ಜೆ ಮುಂದಿಡುವವರೆಗೆ ಉಸಿರು ಹಿಡಿದಿರಬೇಕು. ಕಾಲು ಮುಂದೆ ಹೋದಾಗ ಆ ಜಾಗ ತಾನಾಗಿ ತೆರೆದುಕೊಳ್ಳುತ್ತದೆ.

ತೊಂಬತ್ತರ ದಶಕದ ಮಾತು ಇದು. ನಮ್ಮಪ್ಪ ಸೇಲಂನಲ್ಲಿ ಆಫೀಸಿನ ಕೆಲಸದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಮಾತಾಡುವ ಮನೆಯೇ ಬೇಕೆಂದು ಹುಡುಕಿ, ಪಾಲಕೋಡು ಎಂಬ ಪೇಟೆಯಿಂದ ಬಸ್ಸು ಹತ್ತಿ, ಇಳಿದು, ಮತ್ತೆ ನಡೆದು ಹೋಗಬೇಕಾದ ಬೆಟ್ಟದ ಬುಡದ ಊರಿಗೆ ಕೊಟ್ಟರು. ಹೋಗಿ ನೋಡಿದರೆ ಅವರ ಕನ್ನಡವೇ ಬೇರೆ. ಹಾಲು ಆಲಾಗಿತ್ತು, ಹಸು ಅಸುವಾಗಿತ್ತು. ನಾನು ಬಾಯಿ ಸುಮ್ಮನಿರದವಳು, ತಿದ್ದಲು ಹೋದೆ. ನಮ್ಮತ್ತೆ, "ನೀ ಆಡೋದ್ರಾಗೆ ಅರ್ಧ ತಮಿಳೇ ಐತೆ, ನಮ್ಗೇಳಾಕೆ ಬಂದ್ಳು" ಎಂದು ಒಂದೇ ಮಾತಿನಲ್ಲಿ ನನ್ನನ್ನು ಕೂರಿಸಿದರು.

ಮಾವನವರ ಹತ್ತಿರ ಒಂದು ಕೋವಿಯಿತ್ತು. ಅವರ ಮಾತಿನಲ್ಲಿ ತುಪಾಕಿ. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಕಬ್ಬಿಣದ ಸರಳಿನಲ್ಲಿ ಜಡಿದು ತುಂಬುವ ಹಳೆಯ ಕೋವಿ. ಬೆಳೆ ಕಾವಲಿಗೆಂದು ಲೈಸೆನ್ಸು. ನಾನು ಹೋಗುವ ಹೊತ್ತಿಗೆ ಅದರಿಂದ ಬರೀ ಸದ್ದು ಬರುತ್ತಿತ್ತು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೆ ಗುಂಡು ಹಾಕದೆ ಮದ್ದಷ್ಟೇ ಸಿಡಿಸಿ ಬೆದರಿಸುತ್ತಿದ್ದರು. ಜಿಂಕೆ ಹೊಡೆದವರಿಗೆ ಜೈಲು ಖಚಿತ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಜೊತೆಗೆ ಕಾಡಿನ ಅಂಚಿನ ಊರುಗಳಲ್ಲಿ ಪೊಲೀಸರ ಓಡಾಟ ಜಾಸ್ತಿಯಿದ್ದ ಕಾಲ ಅದು. ಕೋವಿ ಇಟ್ಟುಕೊಂಡವರ ಮೇಲೆ ಒಂದು ಕಣ್ಣು ಇದ್ದೇ ಇರುತ್ತಿತ್ತು.

ಆದರೆ ಮಾವ ಜಿಂಕೆ ಬೇಟೆ ಬಿಟ್ಟಿದ್ದು ಕಾನೂನಿಗೆ ಹೆದರಿ ಅಲ್ಲ. ಬೇಟೆ ಬಿಟ್ಟ ಮನುಷ್ಯ ದಿನಾ ಕರುವಿನ ಮೇಲೆ ಕೈಯಿಟ್ಟು ಬೇಟೆಯ ಪಾಠ ಹೇಳುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು. ಯಾಕೆ ಎಂದು ಕೇಳಬೇಕೆಂದು ಹೊಳೆದಿರಲೇ ಇಲ್ಲ.

ನಾನು ಬಸುರಿಯಾದೆ. ಆರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಮಾವ ಜಗುಲಿಯಲ್ಲಿ ಕೂತು ನನ್ನನ್ನು ಕರೆದರು. ನಮ್ಮವರು ಸಕ್ಕರೆ ಮಿಲ್ಲಿನ ಶಿಫ್ಟಿಗೆ ಹೋಗಿದ್ದರು, ಅತ್ತೆ ಹೊಲದಲ್ಲಿದ್ದರು.

"ಬಾಯ್ಗೆ ಏನು ಬೇಕು ಅನ್ಸ್ತದೆ ತಾಯಿ? ನಾಚ್ಕೋಬ್ಯಾಡ. ಬಸ್ರಿ ಬಯ್ಕೆ ತೀರ್ಸ್ದಿದ್ರೆ ಮಗೀಗೆ ಕಿವಿ ಸೋರ್ತದೆ. ನನ್ ನೋಡು. ನಮ್ಮವ್ವ ಏನೋ ಕೇಳಿದ್ಳಂತೆ, ಯಾರೂ ತಂದ್ಕೊಡ್ಲಿಲ್ವಂತೆ. ಉಟ್ಟಿದಾಗ್ಲಿಂದ ಸೋರಿ ಸೋರಿ ಈ ಕಿವಿ ಓಯ್ತು."

ಅವರು ತಮ್ಮ ಎಡಗಿವಿಯ ಹತ್ತಿಯನ್ನು ಒತ್ತಿಕೊಂಡರು. ನಗೆಯಾಡುತ್ತಿರಲಿಲ್ಲ. ನನಗೂ ಕೆಲವು ದಿನಗಳಿಂದ ಒಂದು ಆಸೆ ಹತ್ತಿತ್ತು. ಸೇಲಂನಲ್ಲಿ ನಮ್ಮಮ್ಮ ತುಪ್ಪದಲ್ಲಿ ರವೆ ಹುರಿದು, ಸಕ್ಕರೆ, ಏಲಕ್ಕಿ ಹಾಕಿ ಕಟ್ಟುತ್ತಿದ್ದ ಉಂಡೆ.

"ರವೆ ಉಂಡೆ ಮಾವಾ" ಎಂದೆ.

ಅವರು ನನ್ನನ್ನೇ ನೋಡಿದರು. "ರವೆಯಾ? ಉಂಡೆಯಾ?"

ಸರಿಯಾಗಿ ಕೇಳಿಸಿಲ್ಲ, ಉಪ್ಪಿಟ್ಟಿನ ರವೆಯೋ ಸಿಹಿಯುಂಡೆಯೋ ಎಂದು ಕೇಳುತ್ತಿದ್ದಾರೆ ಅಂದುಕೊಂಡು ಬಲಗಿವಿಯ ಹತ್ತಿರ ಬಗ್ಗಿ, "ಉಂಡೆ ಮಾವಾ, ಉಂಡೇನೇ ಬೇಕು" ಎಂದು ಒತ್ತಿ ಹೇಳಿದೆ. ಅವರ ಮುಖ ಒಮ್ಮೆ ಅರಳಿತು, ಆಮೇಲೆ ಸಪ್ಪಗಾಯಿತು. "ಸರಿ ತಾಯಿ" ಎಂದು ಎದ್ದುಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಕೋವಿ ಒರೆಸುತ್ತಾ ಕೂತಿದ್ದು ಕಂಡಿತು. ಹಂದಿ ಕಾಟ ಇರಬೇಕು ಎಂದುಕೊಂಡು ನಾನು ಮಲಗಿ ನಿದ್ದೆ ಹೋದೆ.

ಎಚ್ಚರವಾದಾಗ ಅತ್ತೆ ಬಂದಿದ್ದರು. ಕೋವಿ ತೂಗುಹಾಕುವ ಗೂಟ ಖಾಲಿ. ಹಿತ್ತಲಲ್ಲಿ ಸೀಸದ ಗುಂಡು ಇಡುವ ಡಬ್ಬಿಯ ಮುಚ್ಚಳ ತೆಗೆದಿತ್ತು. ಅತ್ತೆ ಅದನ್ನು ಎತ್ತಿ ಅಲ್ಲಾಡಿಸಿ, "ನೀನೇನಾರ ಕೇಳ್ದೇನೇ ಅವ್ರನ್ನ?" ಎಂದರು. ರವೆ ಉಂಡೆ ಕೇಳಿದೆ, ಅದರಲ್ಲೂ ಉಂಡೆಯೇ ಬೇಕೆಂದು ಗಟ್ಟಿಯಾಗಿ ಹೇಳಿದೆ ಎಂದೆ. ಅತ್ತೆ ಹಣೆ ಚಚ್ಚಿಕೊಂಡು ನಗತೊಡಗಿದರು. ನಕ್ಕು ನಕ್ಕು ಹಾಗೇ ನಿಲ್ಲಿಸಿಬಿಟ್ಟರು.

ಆ ಮನೆಯಲ್ಲಿ ಬೇಟೆಗೆ ಹೊರಡುವ ಮುಂಚೆ ಪ್ರಾಣಿಯ ಹೆಸರು ಎತ್ತಬಾರದಂತೆ. ಎತ್ತಿದರೆ ಅದು ಸಿಕ್ಕುವುದಿಲ್ಲ. ಅದಕ್ಕೇ ಕೋವಿ ಹಿಡಿದವರು ಮನೆಯ ಹೆಂಗಸರನ್ನು "ರವೆಯಾ, ಉಂಡೆಯಾ?" ಎಂದು ಕೇಳುತ್ತಿದ್ದರು. ರವೆ ಅಂದರೆ ಚೆದುರಿ ಹಾರುವ ಸಣ್ಣ ಸೀಸದ ಕಾಳು, ಕೌಜುಗದಂಥ ಹಕ್ಕಿಗೆ, ಮೊಲಕ್ಕೆ. ಉಂಡೆ ಅಂದರೆ ಒಂದೇ ಒಂದು ದಪ್ಪ ಗುಂಡು, ಅದು ಜಿಂಕೆಗೆ. ಸೇಲಂ ಸೊಸೆ ಮನೆಯ ರೀತಿ ಕಲಿತು, ಹೆಸರೆತ್ತದೆ, ಮರ್ಯಾದೆಯಾಗಿ ಜಿಂಕೆ ಮಾಂಸ ಕೇಳಿದ್ದಾಳೆ ಎಂದು ಮಾವ ತಿಳಿದಿದ್ದರು. ಅವರ ಮುಖ ಯಾಕೆ ಅರಳಿತ್ತು ಎಂದು ಆಗ ಗೊತ್ತಾಯಿತು.

"ಆಣೆ ಮಾಡವ್ರೆ ಕಣೇ ಅವ್ರು" ಎಂದರು ಅತ್ತೆ. ಎಷ್ಟೋ ವರ್ಷದ ಹಿಂದೆ ಮಾವ ಕೌಜುಗಕ್ಕೆಂದು ರವೆ ತುಂಬಿಕೊಂಡು ಹೋಗಿದ್ದಾಗ ಜಿಂಕೆಯೊಂದು ಎದುರಾಯಿತಂತೆ. ಆಸೆ ತಡೆಯದೆ ಹೊಡೆದರು. ರವೆ ಚೆದುರಿ ಹೊಟ್ಟೆಗೆ ಬಿತ್ತು, ಜಿಂಕೆ ಓಡಿತು. ಮಾರನೇ ದಿನ ಕಾಗೆಗಳ ಸದ್ದು ಹಿಡಿದು ಹೋದರೆ ಅದು ಹಳ್ಳದಲ್ಲಿ ಬಿದ್ದಿತ್ತು, ಇನ್ನೂ ಉಸಿರಾಡುತ್ತಿತ್ತು. ಮನೆದೇವರ ಮುಂದೆ ದೀಪ ಮುಟ್ಟಿ, ಇನ್ನು ಜಿಂಕೆಗೆ ಕೋವಿ ಎತ್ತುವುದಿಲ್ಲ ಎಂದರು. ಆವತ್ತಿನಿಂದ ಎತ್ತಿರಲಿಲ್ಲ.

ನನ್ನ ನಾಲಿಗೆಯ ಚಪಲಕ್ಕೆ ಆ ಮನುಷ್ಯ ಆಣೆ ಮುರಿಯುವುದಲ್ಲದೆ ಜೈಲಿಗೂ ಹೋಗಬೇಕಾ? ಅತ್ತೆಗೆ ಮಂಡಿನೋವು, ಏರು ಹತ್ತಲಾರರು. "ನೀನೇ ಓಗು, ಮೆಲ್ಗೆ ಓಗು. ಉರ್ಳಿ ಒಲದ ಮೇಲ್ಗಡೆ ಬಂಡೆ ತಾವ ಇರ್ತಾರೆ. ಕೂಗ್ಬ್ಯಾಡ, ಗಾರ್ಡು ಗೀರ್ಡು ಕೇಳ್ಸ್ಕೊಂಡಾರು" ಎಂದು ಕಳಿಸಿದರು.

ಹೊಟ್ಟೆ ಹಿಡಿದುಕೊಂಡು ಏರು ಹತ್ತಿದೆ. ಬಿಸಿಲು ಇಳಿಯುತ್ತಿತ್ತು. ಬಂಡೆಯ ಪಕ್ಕ ಮಾವನವರ ಬೆನ್ನು ಕಂಡಿತು. ಅವರ ಎಡಗಡೆಯಿಂದ ಬಂದಿದ್ದೆ, ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಕೋವಿ ಆಗಲೇ ಭುಜಕ್ಕೇರಿತ್ತು. ಆಚೆ ಹುರುಳಿ ಹೊಲದ ಅಂಚಿನಲ್ಲಿ ಒಂದು ಜಿಂಕೆ ತಲೆ ಬಗ್ಗಿಸಿ ಮೇಯುತ್ತಿತ್ತು.

ಓಡಿಹೋಗಿ ತೋಳು ಹಿಡಿಯೋಣವೆಂದರೆ ತುಂಬಿದ ಕೋವಿ. ಬೆಚ್ಚಿದರೆ ಯಾರಿಗೆ ಬೀಳುತ್ತದೋ. ಅಲ್ಲೇ ಕುಕ್ಕರಿಸಿದೆ. ಕಲಿತ ಪಾಠ ಬೇಡವೆಂದರೂ ಕಣ್ಣ ಮುಂದೆ ನಡೆಯುತ್ತಿತ್ತು. ಜಿಂಕೆ ಮೊದಲು ನಮ್ಮ ಕಡೆಗೇ ಮುಖ ಮಾಡಿತ್ತು. ಮಾವ ಕಾದರು. ಅದು ಅಡ್ಡ ತಿರುಗಿತು. ಕಾದರು. ಇನ್ನೊಂದು ಬಾಯಿ ಹುರುಳಿಗೆಂದು ಈಚೆಯ ಮುಂಗಾಲನ್ನು ಮುಂದಿಟ್ಟಿತು. ಕರುವಿನ ಮೇಲೆ ಅವರು ಅಂಗೈ ಇಡುತ್ತಿದ್ದ ಆ ಜಾಗ ನನಗೂ ಸ್ಪಷ್ಟವಾಗಿ ಕಂಡಿತು. ನಾನು ಕಣ್ಣು ಮುಚ್ಚಿ ಕಿವಿಗೆ ಬೆರಳಿಟ್ಟುಕೊಂಡೆ.

ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಕೋವಿ ಅವರ ತೊಡೆಯ ಮೇಲಿತ್ತು. ಜಿಂಕೆ ಮೇಯುತ್ತಲೇ ಪೊದೆಯ ಹಿಂದೆ ಸರಿದು ಹೋಯಿತು. ನಾನು ಸುತ್ತಿ ಬಲಗಡೆಗೆ ಹೋಗಿ ನಿಂತೆ. ಅವರು ತಲೆಯೆತ್ತಿದರು, ಕಣ್ಣಲ್ಲಿ ನೀರು.

"ನೀ ಯಾಕಮ್ಮಾ ಬಂದೆ ಈ ಒಟ್ಟೆ ಒತ್ಕೊಂಡು?" ಎಂದರು. ಆಮೇಲೆ, "ಕೈ ಬರ್ಲಿಲ್ಲ ತಾಯಿ. ಚೆನ್ನಾಗೇ ನಿಂತಿತ್ತು. ಬೆರಳು ಮಡಚ್ಲಿಲ್ಲ. ನಿನ್ ಮಗೀಗೆ ಏನಾರ ಆದ್ರೆ ನನ್ನ ಬೈಕೋಬ್ಯಾಡ" ಎಂದು ಎದ್ದು ನನಗೆ ಕೈ ಮುಗಿದರು. ದೊಡ್ಡವರು ಸೊಸೆಗೆ ಕೈ ಮುಗಿಯುವುದೇ? ನನಗೆ ಅಳು ಉಕ್ಕಿ ಬಂತು. ಆ ಎರಡು ಕೈಗಳನ್ನು ಹಿಡಿದುಕೊಂಡು, ನಾನು ಕೇಳಿದ್ದು ಸಿಹಿ ಮಾವಾ, ತಿನ್ನೋ ರವೆ, ಸಕ್ಕರೆ ಹಾಕಿ ಕಟ್ತಾರಲ್ಲ, ನೀವು ಲಾಡು ಅಂತೀರಲ್ಲ, ಅದು ಎಂದು ಕಿವಿಯಲ್ಲಿ ಎರಡೆರಡು ಸಲ ಹೇಳಿದೆ.

ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು. ನನ್ನ ತಲೆ ಸವರಿ, "ಒಳ್ಳೆ ಮನ್ಸು ಕಣಮ್ಮಾ ನಿಂದು" ಎಂದರು. ನಂಬಲಿಲ್ಲ. ತಮ್ಮ ಸಮಾಧಾನಕ್ಕೆ ನಾನು ಆ ಕ್ಷಣಕ್ಕೆ ಹೊಳೆದದ್ದನ್ನು ಹೇಳುತ್ತಿದ್ದೇನೆ ಅಂದುಕೊಂಡರು.

ಮಾರನೇ ದಿನ ಅತ್ತೆ ಪಾಲಕೋಡಿನಿಂದ ಸಾಮಾನು ತರಿಸಿ ಉಂಡೆ ಕಟ್ಟಿದರು. ನಾನು ಮಾವನವರ ಎದುರಿಗೇ ಕೂತು ತಿಂದೆ. ನಿಜವಾಗಲೂ ಆಸೆಯಿಂದ, ಒಂದಾದ ಮೇಲೊಂದು ತಿಂದೆ. ನಾನು ಚಪ್ಪರಿಸಿದಷ್ಟೂ ಅವರ ಮುಖ ಇಳಿಯುತ್ತಾ ಹೋಯಿತು. ಕಿವುಡರಿಗೆ ತಮ್ಮ ಪಿಸುಮಾತು ಎಷ್ಟು ದೂರ ಕೇಳುತ್ತದೆ ಎಂಬುದು ತಿಳಿಯುವುದಿಲ್ಲ. "ಪಾಪ, ನನ್ಗೋಸ್ಕರ ಎಂಗೆ ತಿಂತಾಳೆ ನೋಡು" ಎಂದು ಅತ್ತೆಗೆ ಹೇಳಿದ್ದು ಇಡೀ ಬೀದಿಗೆ ಕೇಳಿಸಿತು. ನನಗೆ ಸಿಟ್ಟು ನೆತ್ತಿಗೇರಿ, "ಅಯ್ಯೋ, ಇದೇ ಮಾವಾ ನಾನು ಕೇಳಿದ್ದು" ಎಂದು ತಟ್ಟೆ ಕುಟ್ಟಿದೆ. ಅವರು ಆಯಿತು ಆಯಿತು ಎಂದು ತಲೆಯಾಡಿಸಿದರು.

ಮಗಳು ಹುಟ್ಟಿದಳು. ಗುಂಡಗೆ, ಗಟ್ಟಿಯಾಗಿ, ಊರು ಕೇಳುವಂತೆ ಅಳುವ ಮಗು. ಮಾವ ದಿನಾ ಬೆಳಗ್ಗೆ ಅವಳನ್ನು ಬೆಳಕಿಗೆ ಹಿಡಿದು ಎರಡೂ ಕಿವಿ ನೋಡುತ್ತಿದ್ದರು. ಅವಳು ಅಂಬೆಗಾಲಿಡುವ ಹೊತ್ತಿಗೆ ಒಂದು ಚಳಿಗಾಲ ನೆಗಡಿಯಾಗಿ, ಜ್ವರ ಬಂದು, ಎಡಗಿವಿ ಸೋರಿತು. ಎಲ್ಲ ಮಕ್ಕಳಿಗೂ ಒಂದಲ್ಲ ಒಂದು ಸಲ ಆಗುವುದೇ. ಪಾಲಕೋಡಿನ ಡಾಕ್ಟರು ನೋಡಿ ನೆಗಡಿಯಿಂದ ಬಂದದ್ದು ಎಂದು ಸಿರಪ್ಪು, ಕಿವಿಗೆ ಹಾಕುವ ಮದ್ದು ಕೊಟ್ಟರು. ಮಾವ ಊಟಕ್ಕೆ ಕರೆದರೆ ಏಳಲಿಲ್ಲ. ಆದರೆ ಮದ್ದು ಹಾಕುವ ಕೆಲಸ ಯಾರಿಗೂ ಬಿಟ್ಟುಕೊಡಲಿಲ್ಲ. ಮಗುವನ್ನು ತೊಡೆಯ ಮೇಲೆ ಮಗ್ಗುಲಾಗಿ ಮಲಗಿಸಿಕೊಂಡು, ಎಷ್ಟು ಹನಿ ಎಂದು ಪ್ರತಿ ಸಲವೂ ನನ್ನನ್ನು ಕೇಳಿ, ಒಂದೊಂದೇ ಎಣಿಸಿ ಹಾಕುತ್ತಿದ್ದರು. ಸೋರುವುದು ನಿಂತಿತು. ಒಣಗಿತು. ಡಾಕ್ಟರು ನೋಡಿ, ಚೆನ್ನಾಗಿ ಕೇಳಿಸುತ್ತದೆ ಎಂದರು.

ಆವತ್ತು ಬಸ್ಸಿಳಿದು ಮನೆಗೆ ನಡೆದು ಬರುವಾಗ ಮಗು ಅವರ ಹೆಗಲ ಮೇಲಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ. ಅವರ ಬಲಗಡೆಗೆ ಹೋಗಿ, "ಕೇಳಿ ಮಾವಾ. ನೀವು ಆ ಜಿಂಕೆ ಹೊಡೆದಿದ್ರೂ ಇವಳಿಗೆ ಕಿವಿನೋವು ಬರ್ತಿತ್ತು. ಡಾಕ್ಟ್ರೇ ಹೇಳಿದಾರೆ" ಎಂದೆ.

ಅವರು ನಿಂತರು. ನಿದ್ದೆಹೋಗಿದ್ದ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು.

"ಇಲ್ಲಮ್ಮಾ. ಒಡೆದಿದ್ರೆ ಬರ್ತಿರ್ಲಿಲ್ಲ, ನಂಗೊತ್ತು" ಎಂದರು. "ಆದ್ರೂ ನಾ ಒಡೀತಿರ್ಲಿಲ್ಲ."