ವ್ಯಾಕ್ಸು ಒಣಗುವ ತನಕ

ನಿನ್ನೆ ಸಂಜೆ ಎದುರು ಮನೆಯ ಬ್ಯಾಂಕಿನವರು ಹೊಸ ಕಾರನ್ನು ರಸ್ತೆಯಲ್ಲಿ ನಿಲ್ಲಿಸಿಕೊಂಡು ವ್ಯಾಕ್ಸ್ ಹಚ್ಚಲು ಶುರು ಮಾಡಿದರು. ಸೋನೆ ಆಗಷ್ಟೇ ನಿಂತಿತ್ತು. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಆ ವಾಸನೆ ನಿಮಗೆ ಗೊತ್ತೋ ಇಲ್ಲವೋ, ಸೀಮೆಎಣ್ಣೆಗೆ ಬಾಳೆಹಣ್ಣಿನ ಎಸೆನ್ಸ್ ಬೆರೆಸಿದ ಹಾಗಿರುತ್ತದೆ. ನನಗದು ಆಗುವುದಿಲ್ಲ. ಕಿಟಕಿ ಹಾಕಿದೆ, ಬಾಗಿಲಿನಿಂದ ಬಂತು. ಬಾಗಿಲು ಹಾಕಲು ಹೋದವಳು ಅಲ್ಲೇ ನಿಂತುಬಿಟ್ಟೆ.

ನಮ್ಮ ಯಜಮಾನರಿಗೆ ಮೊದಲಿಂದಲೂ ಕಾರಿನ ಹುಚ್ಚು. ನನಗೆ ಜ್ವರ ಬಂದರೆ ಒಂದು ಮಾತ್ರೆ ನುಂಗು ಎನ್ನುವ ಮನುಷ್ಯ, ಕಾರಿಗೊಂದು ಗೀರು ಬಿದ್ದರೆ ಊಟ ಬಿಡುತ್ತಿದ್ದರು. ಆಗ ನಮ್ಮದು ಕಡುನೀಲಿ ಕಾರು. ಹಾಸನದ ಬಾಡಿಗೆ ಮನೆಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ, ಬೀದಿಯೇ ಶೆಡ್ಡು. ಒರೆಸಲು ಮೆತ್ತನೆಯ ಬಟ್ಟೆ ಬೇಕೆಂದು ನನ್ನ ವಾಯಿಲ್ ಸೀರೆಗಳಿಗೆಲ್ಲ ಬೇಗ ಬೇಗ ವಯಸ್ಸಾಗುತ್ತಿತ್ತು. ನಾನೂ ಏನು ಕಮ್ಮಿಯಿರಲಿಲ್ಲ ಬಿಡಿ. ಹೊಳೆನರಸೀಪುರದ ಅತ್ತೆಮನೆಯ ಮುಂದೆ ಇಳಿಯುವಾಗ, ನಾಲ್ಕು ಜನ ತಿರುಗಿ ನೋಡಲಿ ಅಂತ ಕಾರಿನ ಬಾಗಿಲನ್ನು ಜೋರಾಗಿ ಹಾಕುತ್ತಿದ್ದೆ. ಬಾಗಿಲು ಹಾಳಾಗುತ್ತದೆ ಎಂದು ಬೈಸಿಕೊಳ್ಳುತ್ತಿದ್ದೆ.

ನಮ್ಮಕ್ಕನನ್ನು ಮಲ್ಲಿಪಟ್ಟಣದ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಅವ್ವ ತೀರಿಕೊಂಡಾಗ ನನಗಿನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ತಲೆ ಬಾಚಿದ್ದು, ಇಸ್ಕೂಲಿಗೆ ಅಟ್ಟಿದ್ದು, ಮೈನೆರೆದಾಗ ಎದುರಿಗೆ ಕೂತು ಎಳ್ಳುಬೆಲ್ಲದ ಚಿಗಳಿ ತಿನ್ನಿಸಿದ್ದು ಎಲ್ಲ ಅವಳೇ. ಅವಳು ಮಾತಿನ ಮಲ್ಲಿ. ಫೋನು ಮಾಡಿದರೆ ಹಸು ಕರು ಹಾಕಿದ್ದರಿಂದ ಹಿಡಿದು ಪಕ್ಕದ ಮನೆಯ ಜಗಳದವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದಳು. ಕೊನೆಗೆ, “ನಿನ್ ಮಾತೇ ಆಯ್ತು ಕಣೆ, ನಂಗ್ ಕೆಲ್ಸ ಐತೆ” ಎಂದು ನನ್ನ ಮೇಲೆಯೇ ಗೂಬೆ ಕೂರಿಸಿ ಫೋನು ಇಡುತ್ತಿದ್ದಳು.

ಹನ್ನೆರಡು ವರ್ಷದ ಹಿಂದಿನ ಶ್ರಾವಣ. ಮಾರನೆಯ ದಿನ ಚನ್ನರಾಯಪಟ್ಟಣದಲ್ಲಿ ನಮ್ಮವರ ಸಾಹೇಬರ ಮಗನ ಮದುವೆ. ಗಂಡು ಕೂರಲು ನಿಮ್ಮ ಕಾರೇ ಇರಲಿ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಸಾಹೇಬರು ಅಂದುಬಿಟ್ಟಿದ್ದರು. ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಫೀಸಿನಿಂದ ಬಂದವರೇ ಕಾರು ತೊಳೆದು, ಬೀದಿ ದೀಪದ ಕೆಳಗೆ ವ್ಯಾಕ್ಸ್ ಹಚ್ಚತೊಡಗಿದರು. ಮಳೆ ಇರಲಿಲ್ಲ, ಆದರೆ ಗಾಳಿಯೇ ಒದ್ದೆ. ಒಗೆದ ಬಟ್ಟೆಗಳು ಮೂರು ದಿನದಿಂದ ತಂತಿಯ ಮೇಲೇ ಇದ್ದವು. ನಾನು ಟಾರ್ಚು ಹಿಡಿದು ನಿಂತಿದ್ದೆ. ಇಡೀ ಕಾರಿಗೆ ಬೆಳ್ಳಗೆ ಬಳಿದು ಮುಗಿಸುವ ಹೊತ್ತಿಗೆ, ಎಂಟು ಗಂಟೆಯ ಸುಮಾರಿಗೆ, ಭಾವನ ಫೋನು ಬಂತು.

“ನಿಮ್ಮಕ್ಕನ ಬಾಯಿ ವಾರೆಯಾಗೈತೆ ಕಣವ್ವಾ, ಕೈ ಎತ್ತಕಾಯ್ತಿಲ್ಲ. ಆಂಬುಲೆನ್ಸು ಎಲ್ಲೋ ಓಗೈತಂತೆ. ಕಾರ್ ತಕ್ಕಂಡ್ ಬಂದ್ಬುಡಿ, ಆಸ್ನಕ್ಕೆ ಓಗ್ಬುಡಾನ.” ಹಾಗೆಂದು ಫೋನನ್ನು ಅಕ್ಕನ ಕಿವಿಗಿಟ್ಟರು. ಅವಳ ನಾಲಗೆ ತೊದಲುತ್ತಿತ್ತು, ಆದರೂ ಹೇಳಿದ್ದು ತಿಳಿಯಿತು.

“ಬಿರ್ನೆ ಬಾ ಮಗ.”

ಬಂದೆವು ಎಂದೆ. ಇವರಿಗೆ ವಿಷಯ ಹೇಳಿದರೆ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತಿರುಗಿಸುತ್ತಾ, “ಈಗ ತಾನೇ ಹಚ್ಚಿದೀನಿ. ಒಣಗ್ಲಿ, ಹೋಗೋಣ” ಅಂದರು. ಒಣಗುವ ಮೊದಲು ಒರೆಸಿದರೆ ಬಣ್ಣವೇ ಕೆಡುತ್ತದಂತೆ, ಹಾಗೇ ಹೊರಟರೆ ರಾಡಿಯೆಲ್ಲ ಅಂಟಿಕೊಳ್ಳುತ್ತದಂತೆ. ಅರ್ಧ ಗಂಟೆ ಅಷ್ಟೇ, ನಿಮ್ಮಕ್ಕನಿಗೆ ಬಿಪಿ ಏನು ಹೊಸದೇ ಎಂದೂ ಕೇಳಿದರು. ನಾನು ಆಟೋ ಮಾಡಿಕೊಂಡು ಹೋಗುತ್ತೇನೆ ಎಂದೆ. ಮನೆ ಮುಂದೆ ಕಾರಿಟ್ಟುಕೊಂಡು ಆಟೋ ಹತ್ತಿದರೆ ನೋಡಿದವರು ಏನಂದುಕೊಳ್ಳುತ್ತಾರೆ ಎಂದು ಬಾಯಿ ಮುಚ್ಚಿಸಿದರು. ಅತ್ತ ಭಾವ ಬೇರೆ ಗಾಡಿ ಹುಡುಕಲಿಲ್ಲ. ನಾವು ಬರುತ್ತಿದ್ದೇವೆ ಎಂದುಬಿಟ್ಟಿದ್ದೆವಲ್ಲ.

ವ್ಯಾಕ್ಸು ಒಣಗಲಿಲ್ಲ. ಇವರು ಬೆರಳಲ್ಲಿ ಮುಟ್ಟುವುದು, ಇನ್ನೂ ಅಂಟು ಎನ್ನುವುದು, ಕೈಕಟ್ಟಿ ನಿಲ್ಲುವುದು. ನಾನು ಒಳಗಿಂದ ಬೀಸಣಿಗೆ ತಂದು ಬಾನೆಟ್ಟಿಗೆ ಗಾಳಿ ಹಾಕಿದೆ. ನಗಬೇಡಿ, ನಿಜವಾಗಿಯೂ ಹಾಕಿದೆ. ಕಾರಿಗೆ ಬೀಸಣಿಗೆ ಬೀಸಿದ ಹೆಂಗಸು ಜಿಲ್ಲೆಗೆ ನಾನೊಬ್ಬಳೇ ಇರಬೇಕು. ಭಾವ ಮತ್ತೆ ಮತ್ತೆ ಫೋನು ಮಾಡಿದರು. ಹೊರಟೆವು ಹೊರಟೆವು ಎಂದು ಹೇಳಿ ಹೇಳಿ, ಕೊನೆಗೆ ನಾವು ಹೊರಟಾಗ ಹನ್ನೊಂದು ಗಂಟೆಯಾಗುತ್ತಾ ಬಂದಿತ್ತು. ಗೊರೂರು ದಾಟಿದ ಮೇಲೆ ಗುಂಡಿ ಗುಂಡಿಗೂ ಬ್ರೇಕು ಹಾಕಿ, ಕೆಸರು ಸಿಡಿಯದ ಹಾಗೆ ಬಳಸಿ ಬಳಸಿ ಓಡಿಸಿದರು.

ಅಕ್ಕ ಉಳಿದಳು, ಅವಳ ಮಾತು ಉಳಿಯಲಿಲ್ಲ. ಬೇಗ ಕರೆತಂದಿದ್ದರೆ ಇಂಜೆಕ್ಷನ್ ಕೊಡಬಹುದಿತ್ತು, ಈಗ ಹೊತ್ತು ಮೀರಿದೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ಅದನ್ನು ಕೇಳಿಸಿಕೊಳ್ಳಲು ಇವರು ಇರಲಿಲ್ಲ. ಬೆಳಕು ಹರಿಯುವ ಮೊದಲೇ ಕಾರನ್ನು ಇನ್ನೊಮ್ಮೆ ಒರೆಸಿಕೊಂಡು ಮದುವೆಗೆ ಹೋಗಿಯಾಗಿತ್ತು. ಆಮೇಲೊಂದು ದಿನ ಮದುವೆಯ ಫೋಟೋ ನೋಡಿದೆ. ಬಾನೆಟ್ಟು, ಟಾಪು, ಬಾಗಿಲು, ಎಲ್ಲ ಕಡೆ ಸೇವಂತಿಗೆಯ ಸರ. ಕೆಳಗಿರುವ ಕಾರು ಯಾವ ಬಣ್ಣದ್ದೆಂದೂ ತಿಳಿಯುತ್ತಿರಲಿಲ್ಲ.

ಆಮೇಲೆ ಎಷ್ಟೋ ವರ್ಷ ನಾನು ಫೋನು ಮಾಡಿದರೆ ಭಾವ ಅದನ್ನು ಅವಳ ಕಿವಿಗಿಡುತ್ತಿದ್ದರು. ಆ ಕಡೆಯಿಂದ ಬರೀ ಉಸಿರು ಕೇಳುತ್ತಿತ್ತು. ನಾನೇ ಏನೇನೋ ಒದರುತ್ತಿದ್ದೆ. ನಿನ್ನ ಮಾತೇ ಆಯ್ತು ಎಂದು ಬೈಯುವವರಿರಲಿಲ್ಲ. ಹೋದ ವರ್ಷ ಆ ಉಸಿರೂ ನಿಂತಿತು. ಇಷ್ಟಾದರೂ ನಾನು ಗಂಡನಿಗೆ ಒಂದು ಮಾತು ಅನ್ನಲಿಲ್ಲ. ಸಂಸಾರ ನಡೆಯಬೇಕಲ್ಲ. ಥಂಡಿಗೆ ವ್ಯಾಕ್ಸು ಒಣಗಲಿಲ್ಲ, ಪಾಪ ಅವರಾದರೂ ಏನು ಮಾಡಿಯಾರು ಎಂದು ತಪ್ಪನ್ನೆಲ್ಲ ಹವಾಮಾನದ ಮೇಲೆ ಹೊರಿಸಿ ದಿನ ತಳ್ಳಿದೆ.

ನಿನ್ನೆ ಬಾಗಿಲಲ್ಲಿ ನಿಂತಿದ್ದೆ ಎಂದೆನಲ್ಲ. ಎದುರು ಮನೆಯವರು ಸೋತ ದನಿಯಲ್ಲಿ, “ಅಂಕಲ್, ಗಂಟೆಯಾಯ್ತು, ಒಣಗ್ತಾನೇ ಇಲ್ಲ” ಅಂದರು. ಜಗಲಿಯಲ್ಲಿ ಕೂತಿದ್ದ ನಮ್ಮವರು ಪೇಪರು ಮಡಚಿಟ್ಟು ಗೇಟಿನವರೆಗೂ ಹೋದರು. ರಿಟೈರಾದ ಮೇಲೆ ಯಾರಾದರೂ ಸಲಹೆ ಕೇಳಿದರೆ ಅವರ ಮುಖ ಅರಳುತ್ತದೆ.

“ಥಂಡೀಲಿ ಒಣಗೋಕೆ ಕಾಯಲೇಬಾರದು ಕಣಪ್ಪ. ಹಚ್ಚಿದ ತಕ್ಷಣ ಒರೆಸ್ಬಿಡ್ಬೇಕು. ಹತ್ತು ನಿಮಿಷದ ಕೆಲ್ಸ, ಬಣ್ಣಕ್ಕೆ ಏನೂ ಆಗಲ್ಲ.”

“ಹೌದಾ? ನಂಗೆ ಗೊತ್ತೇ ಇರ್ಲಿಲ್ಲ.”

“ನಾನು ಆ ನೀಲಿ ಕಾರು ತಗೊಂಡ ವರ್ಷವೇ ಕಲ್ತ್ಕೊಂಡೆ.”

ಸಾಹೇಬರ ಮಗನ ಮದುವೆ ಬರುವಷ್ಟರಲ್ಲಿ ಆ ನೀಲಿ ಕಾರು ನಮ್ಮ ಮನೆಗೆ ಬಂದು ಐದು ವರ್ಷವಾಗಿತ್ತು. ಅಂದರೆ ಆ ರಾತ್ರಿ ಅವರು ಕಾದದ್ದು ವ್ಯಾಕ್ಸಿಗಲ್ಲ. ಭಾವ ಬೇಸತ್ತು ಬೇರೆ ಗಾಡಿ ಮಾಡಿಕೊಳ್ಳಲಿ ಎಂದು ಕಾದಿದ್ದರು. ಮದುವೆಯ ಕಾರು ಹಳ್ಳಿಯ ಕೆಸರಿಗೆ ಇಳಿಯಬಾರದಿತ್ತು, ಅಷ್ಟೇ. ಪಕ್ಕದಲ್ಲಿ ನಾನು ಬೀಸಣಿಗೆ ಬೀಸುವುದನ್ನು ಅವರು ನೋಡುತ್ತಾ ನಿಂತಿದ್ದರು.

ತಿರುಗಿ ಬಂದವರು ನನ್ನ ಮುಖ ನೋಡಿದರು. ಬಾಯಿಂದ ಬಿದ್ದದ್ದು ಏನೆಂದು ಆಗ ಹೊಳೆದಿರಬೇಕು, ತಲೆ ತಗ್ಗಿಸಿ ಒಳಗೆ ಹೋದರು. ಇವರು ಹೇಳಿದ ಹಾಗೆಯೇ ಎದುರು ಮನೆಯವರು ಕಾರು ಒರೆಸಿದರು. ನಾನು ಗಡಿಯಾರ ನೋಡಿಕೊಂಡೇ ನಿಂತಿದ್ದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಮತ್ತೆ ಸೋನೆ ಹಿಡಿಯಿತು. ನಾನು ಮೆಟ್ಟಿಲ ಮೇಲೆ ಕೂತೆ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಅವರ ದನಿ ಬಂತು, ಊಟಕ್ಕೆ ಬಾ, ನೆನೀತಿದೀಯ ಎಂದು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಅಷ್ಟು ಮೆತ್ತಗೆ ಕರೆದದ್ದಿಲ್ಲ.

“ಒಣಗ್ಲಿ,” ಎಂದೆ, “ಬರ್ತೀನಿ.”