ಅಂಚೆಗೆ ಹಾಕದ ತೆನೆ

ಆ ಲಕೋಟೆಗಳನ್ನು ನಾನು ಅಂಚೆಗೆ ಹಾಕಲಿಲ್ಲ, ಐರಿನ್. ಆರು ವರ್ಷ, ಆರು ಲಕೋಟೆ. ಪ್ರತಿಯೊಂದರ ಮೇಲೂ ನಿನ್ನ ವಿಳಾಸವನ್ನು ಬರೆದದ್ದು ನಾನೇ—ದುಂಡಗೆ, ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಸಿದ ಅಕ್ಷರದಲ್ಲಿ. ಬರೆದು, ಕೈಚೀಲದಲ್ಲಿಟ್ಟುಕೊಂಡು ಸೀತಾಂಗೋಳಿ ಪೇಟೆಗೆ ಹೋದೆ. ಅಂಚೆಪೆಟ್ಟಿಗೆಯ ಎದುರೇ ನಡೆದು, ಹಾಲು ತೆಗೆದುಕೊಂಡು ಮನೆಗೆ ಬಂದೆ.

ನಿನ್ನ ಅಮ್ಮ ನಿನ್ನನ್ನು ಮರೆತರೆಂದು ನೀನು ನಂಬಿದ್ದೀಯಲ್ಲ, ಅದು ಸುಳ್ಳು. ನೀನು ಅವರನ್ನು ಬೇಡವೆಂದೆ ಎಂದು ನಂಬಿಕೊಂಡೇ ಅವರು ಕಣ್ಣು ಮುಚ್ಚಿದರು—ಆ ನಂಬಿಕೆಯೂ ಸುಳ್ಳು. ಎರಡನ್ನೂ ಮಾಡಿದವಳು ನಾನು. ನಿನ್ನ ಅಣ್ಣನ ಹೆಂಡತಿ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಯಾವುದನ್ನಾದರೂ ಹಾರಿಸಿದರೆ ಮುಚ್ಚಿಡುವ ಹಳೆಯ ಅಭ್ಯಾಸ ಮತ್ತೆ ಕೈಗೆ ಬಂದೀತು ಎಂಬ ಭಯ.

ತೆನೆ ಹಬ್ಬದ ದಿನ ನಮ್ಮ ಮನೆ ಹೇಗಿರುತ್ತಿತ್ತು, ನೆನಪುಂಟಲ್ಲ? ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಕೊಂಡುಹೋಗಿ ಮಾತೆಯ ತೊಟ್ಟಿಲಿಗೆ ಎರಚಿ, ಹತ್ತನೆಯ ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ತೆನೆಯ ಆಶೀರ್ವಾದ. ಈಗ ನಮ್ಮ ಸುತ್ತ ಗದ್ದೆಯೆಲ್ಲಿ? ನೆಕ್ರಾಜೆಯ ಕಡೆಯಿಂದ ಯಾರೋ ಕಟ್ಟು ಕಟ್ಟಿ ತರುತ್ತಿದ್ದರು. ಮನೆಗೆ ನಾಲ್ಕೈದು ತೆನೆ. ಮಾಂಯ್—ಮಗಳಾದ ನೀನೂ, ಸೊಸೆಯಾದ ನಾನೂ ಅವರನ್ನು ಹಾಗೆಯೇ ಕರೆಯುತ್ತಿದ್ದೆವು—ಒಂದೊಂದೇ ಭತ್ತವನ್ನು ಉಗುರಿನಿಂದ ಸುಲಿದು, ಅರೆದು, ತೆಂಗಿನ ಹಾಲಿಗೂ ಬೆಲ್ಲಕ್ಕೂ ಬೆರೆಸುತ್ತಿದ್ದರು. ಎಲ್ಲರ ಬಾಯಿಗೂ ಒಂದೊಂದು ಚಮಚ 'ಹೊಸತು'. ಅದು ಸಿಕ್ಕಿದ ಮೇಲೆಯೇ ಎಲೆಯ ಮುಂದೆ ಕೂರುವುದು.

ಊಟಕ್ಕೆ ಇಪ್ಪತ್ತು ಜನರಾದರೂ ಇರುತ್ತಿದ್ದರು; ಆ ದಿನ ಬರೀ ಸಸ್ಯಾಹಾರ. ರಿಕ್ಷಾ ಓಡಿಸುವ ಪಾಸ್ಕಲ್ ಮಾವನಿಗೆ ಪ್ರತಿ ವರ್ಷ ಅದೇ ದುಃಖ.

"ಒಂಬತ್ತು ಪಲ್ಯ ಉಂಟು, ಒಂದು ತುಂಡು ಮೀನಿಲ್ಲ! ನಾನು ಕ್ರಿಸ್ತುವರ ಮನೆಗೆ ಬಂದದ್ದಾ, ಮಠಕ್ಕೆ ಬಂದದ್ದಾ ಮಾರಾಯ್ತಿ?"

"ಹಾಗಾದ್ರೆ ಏಳಿ," ಎನ್ನುತ್ತಿದ್ದರು ಮಾಂಯ್, ಅವರ ಎಲೆಗೆ ಎರಡನೆಯ ಸಲ ಅಂಬಟೆ ಗೊಜ್ಜು ಬಡಿಸುತ್ತ. "ಬಂಗುಡೆ ಹುಡುಕಿಕೊಂಡು ಕುಂಬಳೆಗೆ ಹೋಗಿ. ಪಾಯಸ ನಿಮ್ಮ ಪಾಲಿನದ್ದು ನಾವು ನೋಡಿಕೊಳ್ತೇವೆ."

ಅವರು ಏಳುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು. ನಾನಂತೂ ಕೆಸುವಿನ ದಂಟಿನ ಪಾತ್ರೆ ಹಿಡಿದು ನಿಂತಲ್ಲೇ ನಗುತ್ತಿದ್ದೆ—ಅಷ್ಟು ಜನರ ನಡುವೆ, ನನ್ನದೇ ಮನೆಯಲ್ಲಿ. 'ನನ್ನದೇ' ಎಂಬ ಆ ಮಾತಿನಲ್ಲಿಯೇ ಎಲ್ಲವೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮನೆಯಿಂದ ದೂರ ಇದ್ದವರಿಗೂ ಮಾಂಯ್ ಪಾಲು ತೆಗೆಯುತ್ತಿದ್ದರು. ದುಬಾಯಿಯ ತಮ್ಮನಿಗೆ, ಮುಂಬೈಯ ಅಕ್ಕನಿಗೆ—ಕಾಗದದಲ್ಲಿ ಮಡಚಿದ ಒಂದೊಂದು ಚಿಟಿಕೆ ಭತ್ತ, ಅಂಚೆಯಲ್ಲಿ. ಅದು ಬಂತೆಂದರೆ ಈ ಮನೆಯ ಪಂಕ್ತಿಯಲ್ಲಿ ನಿನಗೂ ಒಂದು ಎಲೆ ಉಂಟು ಎಂದು ಅರ್ಥ. ಬರಲಿಲ್ಲವೆಂದರೆ—

ನೀನು ಪ್ರಜೀಶನನ್ನು ಮದುವೆಯಾಗಿ ನಾಯ್ಮಾರ್ಮೂಲೆಗೆ ಹೋದ ವರ್ಷ ನಿನ್ನ ಅಣ್ಣ ಸ್ಟ್ಯಾನಿ ಒಂದೇ ಮಾತು ಹೇಳಿದರು, "ಇನ್ನು ಈ ಮನೆಯಲ್ಲಿ ಅವಳ ಹೆಸರು ಎತ್ತಬಾರದು." ಜಂಕ್ಷನ್ನಿನಲ್ಲಿ ಫ್ರಿಜ್ ರಿಪೇರಿ ಮಾಡುವವನು, ನಮ್ಮ ಧರ್ಮದವನಲ್ಲ, ಇಗರ್ಜಿಯಲ್ಲಿ ಮದುವೆಯಿಲ್ಲ, ರಿಜಿಸ್ಟರ್ ಕಚೇರಿಯಲ್ಲಿ ಸಹಿ. ಮಾಂಯ್ ಎದುರು ಮಾತಾಡಲಿಲ್ಲ. ಅವರು ಮಗನ ಎದುರು ಮಾತಾಡುವವರೇ ಅಲ್ಲ.

ಆ ವರ್ಷದ ಹಬ್ಬದ ಮಧ್ಯಾಹ್ನ, ಪಾತ್ರೆ ತೊಳೆಯುವಾಗ, ಅವರು ನನ್ನ ಬಳಿ ಬಂದರು. ಸೆರಗಿನ ಅಡಿಯಲ್ಲಿ ಲಕೋಟೆ. ಬಾಯಿ ಮುಚ್ಚಿ, ಅಂಚೆಚೀಟಿಯನ್ನೂ ಆಗಲೇ ಅಂಟಿಸಿದ್ದರು, ಸ್ವಲ್ಪ ಓರೆಯಾಗಿ.

"ವಿಳಾಸ ನೀನು ಬರೆ, ಗ್ರೇಸಿ. ನಿನ್ನ ಇಂಗ್ಲಿಷ್ ಅಕ್ಷರ ಚಂದ ಉಂಟು. ಸ್ಟ್ಯಾನಿಗೆ ಗೊತ್ತಾಗುವುದು ಬೇಡ."

"ಆಯ್ತು ಮಾಂಯ್."

ಅವರಿಗೆ ಮೊಣಕಾಲು ನೋವು. ಗುಡ್ಡ ಇಳಿದು ಪೇಟೆಗೆ ಹೋಗುವ ಶಕ್ತಿಯಿರಲಿಲ್ಲ. ಸ್ವಂತ ಫೋನ್ ಇರಲಿಲ್ಲ. ನಿನಗೂ ಅವರಿಗೂ ನಡುವೆ ಇದ್ದ ಒಂದೇ ದಾರಿ ನಾನಾಗಿದ್ದೆ.

ಮೊದಲ ವರ್ಷ ಹೆದರಿಕೆಯಿಂದ ಹಾಕಲಿಲ್ಲ. ಅಂಚೆಯ ಅಣ್ಣ ಸ್ಟ್ಯಾನಿಯ ಜೊತೆ ಶಾಲೆಗೆ ಹೋದವನು, ಬಾಯಿ ಸಡಿಲ. ನಾಳೆ ಹಾಕಿದರಾಯಿತು, ಕುಂಬಳೆಗೆ ಹೋದಾಗ ಹಾಕಿದರಾಯಿತು ಎಂದುಕೊಂಡು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಮೇಲೆ ಹೊಲಿಗೆಯ ನೂಲಿನುಂಡೆಗಳು. ಇಷ್ಟೇ ಆಗಿದ್ದರೆ ಇದನ್ನು ಹೆದರಿಕೆ ಎಂದು ಕರೆದು ಬಿಡಬಹುದಿತ್ತು. ಆದರೆ ಎರಡನೆಯ ವರ್ಷ ನನಗೆ ಹೆದರಿಕೆ ಇರಲಿಲ್ಲ, ಐರಿನ್. ಅಂಚೆಯ ಅಣ್ಣನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಲಕೋಟೆ ಕೈಯಲ್ಲಿ ಹಿಡಿದು ಪೆಟ್ಟಿಗೆಯ ಬಾಯಿಯವರೆಗೆ ತಂದೆ. ನೀನು ಮರಳಿ ಬಂದರೆ ಹಬ್ಬದ ದಿನ ಮಾಂಯ್ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬ ಯೋಚನೆ ಬಂತು. ಕೈ ಹಿಂದೆ ಬಂತು.

ಆ ಸಲದ ಊಟದಲ್ಲಿ ಮಾಂಯ್ ತಮ್ಮ ಪಕ್ಕದ ಎಲೆಯನ್ನು ಎರಡು ಬೆರಳಿನಿಂದ ತಟ್ಟಿ, "ನೀನು ಇಲ್ಲಿ ಕೂತುಕೋ ಮಗಳೇ, ಎಷ್ಟೂಂತ ಬಡಿಸ್ತೀ?" ಎಂದಿದ್ದರು. ಅದು ನಿನ್ನ ಜಾಗ. ಅಲ್ಲಿ ಕೂತು ಉಂಡ ಆ ಊಟದ ರುಚಿ ನನಗೆ ಇನ್ನೂ ಗೊತ್ತು.

ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಹೋದರು, ಅಪ್ಪ ಬೇರೆ ಮದುವೆಯಾದರು, ನನ್ನನ್ನು ಸಿಸ್ಟರುಗಳ ಬೋರ್ಡಿಂಗಿಗೆ ಹಾಕಿದರು—ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು. ತೆನೆ ಹಬ್ಬದ ಮರುವಾರ ಊಟದ ಕೋಣೆಯಲ್ಲಿ ಸಿಸ್ಟರ್ ಲಕೋಟೆಗಳ ಕಟ್ಟು ಹಿಡಿದು ಹೆಸರು ಕರೆಯುತ್ತಿದ್ದರು. ಹುಡುಗಿಯರು ಓಡಿ ಹೋಗಿ ತಂದು, ಅಲ್ಲೇ ಹರಿದು, ಭತ್ತವನ್ನು ಹಲ್ಲಿನಲ್ಲಿ ಸುಲಿಯುತ್ತಿದ್ದರು. ನಾನು ಲೋಟದಲ್ಲಿ ನೀರು ಇಲ್ಲದಿದ್ದರೂ ಕುಡಿಯುವ ಹಾಗೆ ಮಾಡುತ್ತಿದ್ದೆ, ಮುಖ ಕಾಣದಿರಲಿ ಎಂದು. ಕೊನೆಗೆ ಸಿಸ್ಟರ್ ಚಾಪೆಲಿನ ತೆನೆಯಿಂದ ನಾಲ್ಕು ಕಾಳು ತಂದು ಕೊಡುತ್ತಿದ್ದರು, "ಗ್ರೇಸಿಗೆ ಮಾತೆಯೇ ಕಳಿಸಿದ್ದು" ಎಂದು. ಹುಡುಗಿಯರು ನಗುತ್ತಿರಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಇದನ್ನು ಕನಿಕರಕ್ಕಾಗಿ ಹೇಳುತ್ತಿಲ್ಲ. ಲಕೋಟೆ ಬರದಿರುವುದು ಎಂದರೆ ಎಂತ ಎಂದು ನಮ್ಮಿಬ್ಬರಲ್ಲಿ ಸರಿಯಾಗಿ ಗೊತ್ತಿದ್ದವಳು ನಾನು. ಗೊತ್ತಿದ್ದೂ ಮಾಡಿದೆ.

ಪ್ರತಿ ವರ್ಷ ಹಬ್ಬ ಕಳೆದು ಎರಡು ವಾರಕ್ಕೆ ಮಾಂಯ್ ಕೇಳುತ್ತಿದ್ದರು. ನೇರವಾಗಿ ಅಲ್ಲ. ಹರಿವೆ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ, "ಎಂತಾದ್ರೂ ಬಂತಾ?"

"ಇಲ್ಲ ಮಾಂಯ್."

"ಪುರುಸೊತ್ತಾಗ್ಲಿಕ್ಕಿಲ್ಲ ಪಾಪ. ಮಗು ಸಣ್ಣದಲ್ವಾ."

ನಾಲ್ಕನೆಯ ವರ್ಷದ ಹೊತ್ತಿಗೆ ನಿನಗೆ ಮಗುವಾದದ್ದು ಅವರಿಗೆ ಹೇಗೋ ತಿಳಿದಿತ್ತು—ಮೀನು ಮಾರುವ ಕಮಲ ಹೇಳಿರಬೇಕು. ಒಮ್ಮೆ ನೀನೇ ನನಗೆ ಫೋನ್ ಮಾಡಿದೆ, ಹಬ್ಬದ ಹಿಂದಿನ ದಿನ. "ಮಾಂಯ್ ಹೇಗಿದ್ದಾರೆ? ಒಂದು ಸಲ ಕೊಡ್ತೀಯಾ?" ಎಂದೆ. ಮಾಂಯ್ ಹತ್ತು ಹೆಜ್ಜೆ ದೂರದಲ್ಲಿ, ಚಾವಡಿಯಲ್ಲಿ, ಮಕ್ಕಳ ಹೂವಿನ ಬುಟ್ಟಿಗೆ ನೀರು ಚಿಮುಕಿಸುತ್ತಿದ್ದರು. "ಮಲಗಿದ್ದಾರೆ, ಆಮೇಲೆ ನಾನೇ ಮಾಡ್ತೇನೆ" ಎಂದೆ ನಾನು. ಮಾಡಲಿಲ್ಲ. ನೀನೂ ಮತ್ತೆ ಮಾಡಲಿಲ್ಲ.

ಏಳನೆಯ ವರ್ಷ ಮಾಂಯ್ ಲಕೋಟೆ ತರಲಿಲ್ಲ. ಹಬ್ಬಕ್ಕೆ ಎರಡು ದಿನ ಮೊದಲು, ಕಪಾಟಿನಿಂದ ಇಗರ್ಜಿಗೆ ಉಡುವ ಸೀರೆ ತೆಗೆದು ಮಂಚದ ಮೇಲಿಟ್ಟು, ಹೇಳಿದರು:

"ಈ ಸಲ ನಾನೇ ಹೋಗ್ತೇನೆ. ಪಾಸ್ಕಲರ ರಿಕ್ಷಾ ಉಂಟಲ್ಲ. ಕಾಗದಕ್ಕೆ ಉತ್ತರ ಕೊಡದಿದ್ರೆ ಬೇಡ, ಬಾಗಿಲಿಗೆ ಬಂದ ಅಮ್ಮನನ್ನು ಓಡಿಸ್ತಾಳಾ?"

ನೀವಿಬ್ಬರೂ ಎದುರಾದರೆ ಮೊದಲ ಮಾತಿನಲ್ಲೇ ನಾನು ಬಯಲಾಗುತ್ತಿದ್ದೆ. ಆರು ವರ್ಷದ ಸುಳ್ಳು, ಇಪ್ಪತ್ತು ಜನರ ಪಂಕ್ತಿಯಲ್ಲಿ. ಯೋಚಿಸಲು ಹೊತ್ತಿರಲಿಲ್ಲ ಎಂದು ಹೇಳಲಾರೆ; ಹೊತ್ತು ಇತ್ತು. ಸೀರೆಯ ಮಡಿಕೆಯಲ್ಲಿದ್ದ ನುಸಿಗುಳಿಗೆಯನ್ನು ಅವರು ಒಂದೊಂದಾಗಿ ಹೆಕ್ಕುತ್ತಿದ್ದರು, ಅಷ್ಟು ಹೊತ್ತು. ಆಮೇಲೆ ಹೇಳಿದೆ:

"ಹೋಗ್ಬೇಡಿ ಮಾಂಯ್. ಅವಳು ನನಗೆ ಫೋನ್ ಮಾಡಿದ್ಲು. ಇನ್ನು ಕಳಿಸುವುದು ಬೇಡಾಂತ ಹೇಳಿದ್ಲು."

ಅವರು ಅಳಲಿಲ್ಲ. "ಬೇಡಾಂತ ಹೇಳಿದ್ಲಾ?" ಎಂದು ಒಮ್ಮೆ ಕೇಳಿದರು. ನಾನು ತಲೆಯಾಡಿಸಿದೆ. "ಹಾಗಾದ್ರೆ ಬೇಡ," ಎಂದು ಸೀರೆಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ, ನುಸಿಗುಳಿಗೆಗಳನ್ನೂ ಅದರೊಳಗಿಟ್ಟು, ಕಪಾಟು ಮುಚ್ಚಿದರು.

ಆ ಹಬ್ಬಕ್ಕೂ ಒಂಬತ್ತು ಪಲ್ಯ ಆಯಿತು. ಪಾಸ್ಕಲ್ ಮಾವ ಮೀನಿನ ತಮಾಷೆ ಹೇಳಿದರು. ಮಾಂಯ್ ಅವರ ಎಲೆಗೆ ಗೊಜ್ಜು ಬಡಿಸಿ ಮುಂದಿನ ಎಲೆಗೆ ಹೋದರು. ಮಾವ ಇನ್ನೊಮ್ಮೆ ಹೇಳಿದರು, ಕೇಳಿಸಲಿಲ್ಲವೇನೋ ಎಂದು. ಆಮೇಲೆ ತಲೆ ತಗ್ಗಿಸಿ ಉಂಡರು. ಮಾಂಯ್ ಪಕ್ಕದ ಎಲೆಯನ್ನು ಯಾರೂ ತಟ್ಟಲಿಲ್ಲ. ನಾನು ನಿಂತೇ ಬಡಿಸಿದೆ.

ಮುಂದಿನ ತೆನೆ ಹಬ್ಬವನ್ನು ಅವರು ನೋಡಲಿಲ್ಲ.

ಮರಣದ ಪೂಜೆಗೆ ನೀನು ಬಂದಿದ್ದೆ. ಒಳಗೆ ಬರಲಿಲ್ಲ, ಇಗರ್ಜಿಯ ಮುಖಮಂಟಪದಲ್ಲಿ, ಕೊಡೆಗಳನ್ನು ಒರಗಿಸಿಟ್ಟ ಮೂಲೆಯಲ್ಲಿ, ಮಗಳ ಕೈ ಹಿಡಿದು ನಿಂತಿದ್ದೆ. ಮಗುವಿನ ಒಂದು ಕ್ಲಿಪ್ ಜಾರಿ ಕಿವಿಯ ಮೇಲೆ ನೇತಾಡುತ್ತಿತ್ತು. ಜನ ಹೊರಡುವಾಗ ನೀನು ನನ್ನ ಮೊಣಕೈ ಹಿಡಿದೆ.

"ಸುಳ್ಳು ಹೇಳ್ಬೇಡ ಗ್ರೇಸಿ. ಹಬ್ಬದ ದಿವಸ ಮಾಂಯ್ ಒಮ್ಮೆಯಾದ್ರೂ ನನ್ನ ಹೆಸರು ಹೇಳಿದ್ದುಂಟಾ?"

ಒಂದು 'ಹೌದು' ಸಾಕಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ 'ಹೌದು' ಎಂದರೆ ಮುಂದಿನ ಪ್ರಶ್ನೆ ಇತ್ತು.

"ಅದೆಲ್ಲ ಈಗ ಎಂತಕ್ಕೆ, ಐರಿನ್?" ಎಂದೆ. ಎಷ್ಟು ಮೆತ್ತಗೆ ಹೇಳಿದೆ ಎಂದರೆ ಪಕ್ಕದಲ್ಲಿದ್ದವರು ನನ್ನನ್ನು ಒಳ್ಳೆಯವಳೆಂದು ತಿಳಿದಿರಬೇಕು. ನೀನು ಮಗುವಿನ ಕ್ಲಿಪ್ ಸರಿಮಾಡಿ, ರಿಕ್ಷಾ ಹತ್ತಿ ಹೋದೆ.

ಇಷ್ಟಾದ ಮೇಲೂ ಡಬ್ಬಿಯನ್ನು ನಾನು ತೆರೆದಿರಲಿಲ್ಲ. ತೆರೆಯುವಂತೆ ಮಾಡಿದವಳು ನನ್ನ ಮಗಳು ಮರಿಸ್ಸಾ. ಕಳೆದ ವರ್ಷ ಅವಳನ್ನು ಓದಲು ಮಂಗಳೂರಿನ ಹಾಸ್ಟೆಲಿಗೆ ಹಾಕಿದೆವು. ಹಬ್ಬದ ಮರುದಿನವೇ ಅವಳ ಪಾಲಿನ ಭತ್ತವನ್ನು ಅಂಚೆಗೆ ಹಾಕಿದೆ—ಹೌದು, ಅದೇ ಪೆಟ್ಟಿಗೆಗೆ. ಏಕೋ ತಡವಾಯಿತು. ಐದನೆಯ ದಿನ ಫೋನ್.

"ಮಮ್ಮಿ, ಎಲ್ಲರದ್ದೂ ಬಂತು. ನನ್ನದು ಬರ್ಲಿಲ್ಲ. ನೀವು ಮರ್ತದ್ದಾ?" ಅಳುತ್ತಿದ್ದಳು, ದೊಡ್ಡ ಹುಡುಗಿ. "ಎಂತಾದ್ರೂ ಹೇಳಿ ಮಮ್ಮಿ. ಮರ್ತದ್ದಾದ್ರೆ ಮರ್ತದ್ದೂಂತ ಹೇಳಿ."

ಮರುದಿನ ಅವಳಿಗೆ ಲಕೋಟೆ ಸಿಕ್ಕಿತು. ನಾನು ನೂಲಿನುಂಡೆಗಳನ್ನು ಹೊರಗಿಟ್ಟು ನಿನ್ನ ಲಕೋಟೆಗಳನ್ನು ತೆಗೆದೆ.

ಹಳೆಯ ಮೂರರಲ್ಲಿ ಭತ್ತಕ್ಕೆ ಹುಳ ಹಿಡಿದು ಹೊಟ್ಟಿನ ಪುಡಿ ಮಾತ್ರ ಉಳಿದಿತ್ತು. ಮೊದಲನೆಯದರಲ್ಲಿ ಒಂದೇ ಪೊಟ್ಟಣ ಎಂದು ನಾನು ತಿಳಿದಿದ್ದೆ. ಎರಡು ಇದ್ದವು. ಕ್ಯಾಲೆಂಡರಿನ ಕಾಗದ, ಬಿಳಿ ನೂಲು, ಪೆನ್ಸಿಲಿನಲ್ಲಿ ಮಾಂಯ್‌ನ ಕನ್ನಡ ಅಕ್ಷರ. ಒಂದರ ಮೇಲೆ 'ಐರಿನ್'. ಇನ್ನೊಂದರ ಮೇಲೆ 'ಪ್ರಜೀಶ್'. ಮೊದಲ ವರ್ಷವೇ, ಐರಿನ್. ಮಗ ಹೆಸರೆತ್ತಬಾರದು ಎಂದ ಮನೆಯಲ್ಲಿ ಅವರು ಅಳಿಯನಿಗೂ ಪಾಲು ತೆಗೆದಿಟ್ಟಿದ್ದರು. ನಾಲ್ಕನೆಯದರಿಂದ ಮೂರು ಪೊಟ್ಟಣ. ಮೂರನೆಯದರ ಮೇಲೆ 'ಮಗು' ಎಂದು ಬರೆದು, ಮುಂದೆ ಒಂದು ಗೆರೆ ಎಳೆದು, ಖಾಲಿ ಬಿಟ್ಟಿದ್ದರು. ನಿನ್ನ ಉತ್ತರ ಬಂದ ಮೇಲೆ, ಹೆಸರು ತಿಳಿದ ಮೇಲೆ, ಬರೆಯಲು. ಐದರಲ್ಲೂ ಹಾಗೆಯೇ. ಆರರಲ್ಲೂ.

ಆ ಹೆಸರು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಇಷ್ಟು ಕಂಡ ಮೇಲೂ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಮೊನ್ನೆ ಸ್ಟ್ಯಾನಿಗೆ ಹೇಳಿದೆ. ಅವರು ಬೂಟಿನ ಲೇಸು ಕಟ್ಟುತ್ತಿದ್ದರು. "ಆರು ವರ್ಷವೂ?" ಎಂದರು. ಊಟದ ಡಬ್ಬಿ ಮರೆತು ಕೆಲಸಕ್ಕೆ ಹೋದರು. ಅವರ ತಪ್ಪು ಅವರಿಗೆ ಬಿಟ್ಟದ್ದು. ನನ್ನದರ ಪಕ್ಕದಲ್ಲಿ ಅದನ್ನು ಇಟ್ಟು ನನ್ನದನ್ನು ಸಣ್ಣ ಮಾಡಲಾರೆ.

ಈ ವರ್ಷದ ಒಂಬತ್ತು ದಿನ ಶುರುವಾಗಿದೆ. ಮಕ್ಕಳು ರಸ್ತೆಯಲ್ಲಿ ದಾಸವಾಳ ಕೇಳಿಕೊಂಡು ಹೋಗುತ್ತಿದ್ದಾರೆ. ಹಬ್ಬದ ದಿನ ಪಂಕ್ತಿ ಕೂರುವ ಮೊದಲು ನಾನು ನಾಯ್ಮಾರ್ಮೂಲೆಯ ಬಸ್ಸು ಹತ್ತುತ್ತೇನೆ, ಆ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು. ನೀನು ಬಾಗಿಲು ತೆರೆಯದಿದ್ದರೆ ಅದನ್ನು ಮೆಟ್ಟಿಲ ಮೇಲಿಟ್ಟು ಕೈತೊಳೆದುಕೊಂಡು ಬರುವುದಿಲ್ಲ. ಮರುದಿನ ಮತ್ತೆ ಬರುತ್ತೇನೆ. ತೆರೆದು ಬೈದರೆ ನಿಂತು ಕೇಳುತ್ತೇನೆ. ಊಟಕ್ಕೆ ಬಾ ಎಂದು ಕರೆಯುವ ಯೋಗ್ಯತೆ ನನಗಿಲ್ಲ. ಆ ಎಲೆ ಯಾವತ್ತೂ ನಿನ್ನದೇ ಆಗಿತ್ತು, ಅಷ್ಟನ್ನು ಮಾತ್ರ ಹೇಳುತ್ತೇನೆ.

ಪೊಟ್ಟಣಗಳನ್ನು ಹೇಗಿದ್ದವೋ ಹಾಗೆಯೇ ಕಟ್ಟಿಟ್ಟಿದ್ದೇನೆ. ನಿನ್ನ ಮಗಳ ಹೆಸರನ್ನು ಯಾರನ್ನಾದರೂ ಕೇಳಿ ತಿಳಿಯಬಹುದಿತ್ತು, ಆ ಗೆರೆಯ ಮುಂದೆ ಬರೆಯಲೂಬಹುದಿತ್ತು. ನಿನ್ನೆ ಪೆನ್ಸಿಲ್ ಕೈಗೆ ತೆಗೆದುಕೊಂಡೆ ಕೂಡ. ಕೆಳಗಿಟ್ಟೆ. ನಿನ್ನ ಅಮ್ಮ ಆ ಜಾಗ ಬಿಟ್ಟದ್ದು ನನ್ನ ಅಕ್ಷರಕ್ಕಲ್ಲ.